ಒಂದೂವರೆ ಕೆಜಿ ಕಟ್ಟಿಗೆಯ ಒಲೆ

ಬೈಲಹೊಂಗಲದ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಹತ್ತಿ, ಸೋಯಾ, ಕಡಲೆ ತೂಗಿದ ಉಳವಪ್ಪನಿಗೆ ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಬೇರೇನೂ ಸಿಗದೆ ಬಚ್ಚಲ ಒಲೆಗೆ ಹೋಗುವ ಕಟ್ಟಿಗೆಯನ್ನೇ ತೂಗಿಬಿಟ್ಟ. ಒಂದು ಹಂಡೆ ನೀರು ಕಾಯಲು ಐದು ಕೆಜಿ ಎಂಟುನೂರು ಗ್ರಾಂ.

"ಐದು ಕೆಜಿ ಎಂಟನೂರ ಗ್ರಾಂ! ಒಂದ ಹಂಡೆ ನೀರಿಗೆ!" ಎಂದು ಮನೆ ನಡುಗುವಂತೆ ಕೂಗಿದ.

ಹೆಂಡತಿ ಮಹಾನಂದಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಚ್ಚಲಿನಿಂದ ಹೊರಬಂದಳು. "ಅದಕ್ಕ ಹೇಳಾಕತ್ತೇನಿ, ಒಂದು ಗೀಸರ್ ಹಚ್ಚಸ್ರಿ ಅಂತ. ಇಪ್ಪತ್ತಾರು ವರ್ಷ ಆತು ಹೊಗಿ ಕುಡ್ಯಾಕತ್ತು."

ಉಳವಪ್ಪ ಹೊಗೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅವನ ಕಿವಿಗೆ ಬಿದ್ದದ್ದು ಗೀಸರ್ ಒಂದೇ. ಆ ಮನೆಯಲ್ಲಿ ಅವನ ಮಾತು ನಡೆದ ಉದಾಹರಣೆ ಇರಲಿಲ್ಲ. ಗೋಡೆಗೆ ಹಸಿರು ಬೇಡ ಎಂದಿದ್ದ, ಹಸಿರೇ ಬಳಿದರು. ಮಗಳು ರಾಣಿಗೆ ಸವದತ್ತಿಯ ವರ ಇರಲಿ ಎಂದಿದ್ದ, ಮುನವಳ್ಳಿಯ ಮಾಂತೇಶ ಬಂದ. ಎಮ್ಮೆ ಮಾರುವುದು ಬೇಡ ಎಂದು ಹೇಳಿ ಮುಗಿಸುವಷ್ಟರಲ್ಲಿ ಎಮ್ಮೆ ಬೇರೆಯವರ ಮನೆಯಲ್ಲಿ ಹಿಂಡಿ ತಿನ್ನುತ್ತಿತ್ತು. ಈ ಒಂದು ವಿಷಯದಲ್ಲಾದರೂ ತನ್ನ ಮಾತು ನಿಲ್ಲಬೇಕೆಂಬ ಹಟ ಅವನಿಗೆ ಅಲ್ಲೇ ನಿಂತಲ್ಲೇ ಹುಟ್ಟಿತು.

"ಗೀಸರ್ ಬ್ಯಾಡ! ನಾನ ಒಂದ ಒಲಿ ಮಾಡತೇನಿ. ಒಂದೂವರಿ ಕೆಜಿ ಕಟಗ್ಯಾಗ ಹಂಡೆ ಕಾಸಿ ತೋರಸ್ತೇನಿ. ದೀಪಾವಳಿಗೆ ಅಳಿಯಾ ಬರತಾನಲ್ಲ, ಅವನ ನೀರ ಹೊಸಾ ಒಲಿ ಮ್ಯಾಗ. ಆಗಲಿಲ್ಲಂದ್ರ ನಿನ್ನ ಗೀಸರ್ ಬರಲಿ. ಆತಂದ್ರ ಮಾತ್ರ ಈ ಮನ್ಯಾಗ ಗೀಸರಿನ ಹೆಸರ ಯಾರೂ ಎತ್ತಬಾರದು."

"ಆತು," ಎಂದಳು ಮಹಾನಂದಾ.

ಮುಂದಿನ ಎರಡು ತಿಂಗಳು ಆ ಓಣಿ ಅನುಭವಿಸಿದ್ದನ್ನು ಓಣಿಯವರೇ ಬಲ್ಲರು. ಉಳವಪ್ಪ ಮೊಬೈಲಿನಲ್ಲಿ ಯಾವಯಾವುದೋ ದೇಶದ ಒಲೆಗಳನ್ನು ನೋಡಿದ. ತನ್ನ ಅವ್ವ ಕಟ್ಟಿದ್ದ ಮಣ್ಣಿನ ಒಲೆಯನ್ನು ಹಾರೆಯಿಂದ ಕೆಡವಿದ. ಮೊದಲ ಒಲೆ ಹಂಡೆಯನ್ನು ಬಿಟ್ಟು ಬಚ್ಚಲ ಗೋಡೆಯನ್ನು ಚೆನ್ನಾಗಿ ಕಾಸಿತು. ಎರಡನೆಯದರ ಹೊಗೆ ನೇರವಾಗಿ ಪಕ್ಕದ ಮನೆಯ ಸೋಮಪ್ಪನ ಜಗಲಿಗೆ ಹೋಯಿತು. ಸೋಮಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಯಾರನ್ನು ಎಲ್ಲಿ ಇಳಿಸಬೇಕೆಂಬ ಚಿಂತೆ ಅವನನ್ನು ಇನ್ನೂ ಬಿಟ್ಟಿರಲಿಲ್ಲ. "ಉಳವಪ್ಪಾ, ನೀ ತೂಗಾಂವ. ತೂಗಿಕೊಂಡ ಇರು," ಎಂದು ಅವನು ಬುದ್ಧಿ ಹೇಳಿದ. ಮೂರನೆಯ ಒಲೆಯ ಮೇಲೆ ಹಂಡೆ ಇಡುತ್ತಲೇ ಒಲೆಯೇ ಕೂತುಕೊಂಡಿತು.

ನಾಲ್ಕನೆಯದು ಸರಿಯಾಗಿತ್ತು. ಹಳೆಯ ಎಣ್ಣೆ ಡ್ರಮ್ಮಿನೊಳಗೆ ಒಂದು ಕಬ್ಬಿಣದ ಕೊಳವೆ, ಎರಡರ ನಡುವೆ ಕಾವು ಸೋರದಂತೆ ತುಂಬಿದ ಬೂದಿ, ಹಂಡೆಯ ಸುತ್ತ ಬೆರಳಗಲ ಸಂದಿ ಬಿಟ್ಟು ತಗಡಿನ ಬಳೆ. ಬಾಯಿ ಮಾತ್ರ ಸಣ್ಣದು. ನಾಲ್ಕೈದು ಹತ್ತಿಕಟ್ಟಿಗೆ ಹಿಡಿಯುವಷ್ಟು, ಅದರ ಕೆಳಗೆ ಗಾಳಿ ಹೋಗಲು ಒಂದು ಕಿಂಡಿ. ಒಂದೇ ತಾಪತ್ರಯವೆಂದರೆ ಸಣ್ಣ ಕಡ್ಡಿ ಬೇಗ ಉರಿದುಹೋಗುತ್ತದೆ. ಯಾರಾದರೂ ಒಲೆಯ ಮುಂದೆ ಕೂತು, ನಿಮಿಷಕ್ಕೊಮ್ಮೆ ಕಡ್ಡಿ ಸರಿಸುತ್ತಲೇ ಇರಬೇಕು. ಇದನ್ನು ಉಳವಪ್ಪ ದೋಷವೆಂದು ಎಣಿಸಿರಲಿಲ್ಲ.

ಹಬ್ಬದ ಬೆಳಿಗ್ಗೆ ಐದಕ್ಕೆ ಎಲ್ಲವೂ ಸಿದ್ಧವಿತ್ತು. ಹಿಂದಿನ ಸಂಜೆಯೇ ನೀರು ತುಂಬಿ, ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಹಬ್ಬಕ್ಕೆಂದೇ ಹೊಲದಿಂದ ತಂದ ಹಿಂಡಲಕಾಯಿ ಬಳ್ಳಿ ಸುತ್ತಿದ್ದ ಹಂಡೆ ಹೊಸ ಒಲೆಯ ಮೇಲೆ ಕೂತಿತ್ತು. ಮಾಂತೇಶ ಮೈತುಂಬ ಎಣ್ಣೆ ಹಚ್ಚಿಸಿಕೊಂಡು, ರಂಗೋಲಿ ನಡುವಿನ ಮಣೆಯ ಮೇಲೆ ಪಂಚೆಯುಟ್ಟು ಕೂತಿದ್ದ. ರಾಣಿ ಆರತಿ ತಟ್ಟೆ ಹಿಡಿದಿದ್ದಳು. ಉಳವಪ್ಪ ಸಣ್ಣ ಕಾಟಾದಲ್ಲಿ ಎಲ್ಲರಿಗೂ ಕಾಣುವಂತೆ ಒಂದೂವರೆ ಕೆಜಿ ಹತ್ತಿಕಟ್ಟಿಗೆ ತೂಗಿಟ್ಟು, ಕಡ್ಡಿ ಗೀರಿದ.

ಉರಿ ಚೆನ್ನಾಗಿಯೇ ಹತ್ತಿತು. ಆದರೆ ಆ ಸೀಮೆಯಲ್ಲಿ ಬಚ್ಚಲ ಒಲೆಯ ಮುಂದೆ ಹಾದುಹೋಗುವವರು ಒಂದು ಕಟ್ಟಿಗೆಯನ್ನು ಒಳಗೆ ನೂಕದೆ ಹೋಗುವುದಿಲ್ಲ. ಮನೆಯವರಾಗಲಿ, ನೆಂಟರಾಗಲಿ, ಹಾಲಿನವನಾಗಲಿ, ಕಾಲಲ್ಲಾದರೂ ಒಂದಿಷ್ಟು ಮುಂದೆ ತಳ್ಳಿಯೇ ಹೋಗುತ್ತಾರೆ. ಹಾಗೆ ಮಾಡದಿದ್ದರೆ ಮನೆಗೆ ಬಂದೂ ಮಾತಾಡಿಸದೆ ಹೋದಂತೆ. ಉಳವಪ್ಪ ಎರಡು ತಿಂಗಳಲ್ಲಿ ಎಲ್ಲವನ್ನೂ ತೂಗಿದ್ದ, ಈ ಮಂದಿಯನ್ನು ಮರೆತಿದ್ದ.

ಮೊದಲು ಬಂದವಳು ಎದುರುಮನೆಯ ಇಂದ್ರವ್ವ, ಓಣಿಗೇ ಹಿರಿಯಳು. "ಇದೇನ ತಮ್ಮಾ, ಕಡ್ಡಿ ಹಚ್ಚಿ ಕುಂತಿ? ಅಳಿಯಗ ನೀರ ಕಾಸ್ತೀಯೋ, ಬೀಡಿ ಹಚ್ಚತೀಯೋ?" ಎನ್ನುತ್ತ ಹತ್ತು ಕಡ್ಡಿಗಳನ್ನು ಒಟ್ಟಿಗೆ ಬಾಯಿಗೆ ತುರುಕಿದಳು. ಉರಿ ಬಿಕ್ಕಿ ನಿಂತಿತು.

"ಆಯೀ, ಕೈ ಹಚ್ಚಬ್ಯಾಡ!" ಎಂದು ಉಳವಪ್ಪ ಕಡ್ಡಿ ಎಳೆಯುವಷ್ಟರಲ್ಲಿ ಸೋಮಪ್ಪ ಬಂದ. ಗಾಳಿ ಕಿಂಡಿಯನ್ನು ಬಗ್ಗಿ ನೋಡಿದ. "ಅಲ್ಲೋ ಮಾರಾಯಾ, ಕೆಳಗ ಇಷ್ಟ ದೊಡ್ಡ ತೂತ ಬಿಟ್ಟರ ಗಾಳಿಗೆ ಉರಿ ಆರೂದಿಲ್ಲೇನು?" ಎಂದು ಇಟ್ಟಂಗಿಯೊಂದನ್ನು ತಂದು ಕಿಂಡಿಗೆ ಒತ್ತಿಟ್ಟ. ಒಲೆ ಬಾಯಿಂದಲೂ ಬಳೆಯಿಂದಲೂ ಹೊಗೆ ಉಗುಳತೊಡಗಿತು. ಉಳವಪ್ಪ ಇಟ್ಟಂಗಿ ಕಿತ್ತ. ಬೆನ್ನ ಹಿಂದೆ ಹಾಲಿನವನು ಹಾಲು ಕೊಟ್ಟು ಹೋಗುತ್ತ ಒಂದು ಬೊಡ್ಡೆ ಕಟ್ಟಿಗೆಯನ್ನು ಸಣ್ಣ ಬಾಯಿಗೆ ಒದ್ದು ಸಿಕ್ಕಿಸಿ ಹೋದ.

ಅರ್ಧ ತಾಸಾಯಿತು. ಹಂಡೆಯ ನೀರು ಕೈಗೆ ಹಿತವಾಗಿ ತಣ್ಣಗಿತ್ತು. ಮಾಂತೇಶನ ಮೀಸೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ಮಾವಾರ, ಮುನವಳ್ಳ್ಯಾಗ ಇಷ್ಟೊತ್ತಿಗೆ ನಮ್ಮ ಮನಿ ನಾಯೀನೂ ಎರಕೊಂಡಿರತೈತ್ರಿ," ಎಂದ ಅವನು.

ಉಳವಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬೊಡ್ಡೆಯನ್ನು ಕಿತ್ತು ಅಂಗಳಕ್ಕೆ ಎಸೆದ. "ಇನ್ನ ಯಾರರೆ ಈ ಒಲಿ ಮುಟ್ಟಿದ್ರ ನಾ ಅಳಿಯಾನೂ ನೋಡೂದಿಲ್ಲ, ಹಬ್ಬಾನೂ ನೋಡೂದಿಲ್ಲ!" ಎಂದು ಬಚ್ಚಲ ಬಾಗಿಲಿಗೆ ಬಾರುಕೋಲು ಅಡ್ಡ ಹಿಡಿದು ಕೂತ. ಓಣಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಅವನು ಎಡಗೈಯಲ್ಲಿ ಒಂದೊಂದೇ ಕಡ್ಡಿ ಸರಿಸಿದ. ಕೊಳವೆಯೊಳಗೆ ಉರಿ ಗುರ್ ಎಂದು ಮೇಲೆದ್ದಿತು. ಹೊಗೆ ಮಾಯವಾಯಿತು. ಹದಿನೆಂಟೇ ನಿಮಿಷ, ಹಂಡೆ ಕೊತಕೊತ ಕುದಿಯಿತು.

ಇಷ್ಟು ಬೇಗ ಕುದಿಯಬಹುದೆಂದು ಮಾಡಿದವನಿಗೂ ಗೊತ್ತಿರಲಿಲ್ಲ. ಬೆರೆಸಲು ಒಂದು ತಂಬಿಗೆ ತಣ್ಣೀರನ್ನೂ ಯಾರೂ ಇಟ್ಟಿರಲಿಲ್ಲ. ಇಂದ್ರವ್ವನಿಗಂತೂ ನಂಬಿಕೆಯೇ ಇಲ್ಲ. "ಕಡ್ಡಿಯಾಗ ಎಲ್ಲಿಂದ ಕಾಯತಾವ ನೀರ," ಎಂದು ತಂಬಿಗೆ ಅದ್ದಿ ಅಳಿಯನ ಬೆನ್ನಿಗೆ ಸುರಿದೇಬಿಟ್ಟಳು.

ಮಾಂತೇಶ ಮಣೆಯಿಂದ ಹಾರಿದ್ದು ಸೀದಾ ಸೋಮಪ್ಪನ ಮೈಮೇಲೆ. ಇಬ್ಬರಿಗೂ ಸಮನಾಗಿ ಎಣ್ಣೆಯಾಯಿತು. ರಾಣಿಯ ಆರತಿ ತಟ್ಟೆ ಒಂದು ಕಡೆ, ದೀಪ ಒಂದು ಕಡೆ. ಸೋಮಪ್ಪನೇ ತನ್ನ ಮನೆಯಿಂದ ಎರಡು ಕೊಡ ತಣ್ಣೀರು ಹೊತ್ತು ತಂದ. ಅಂತೂ ಅಳಿಯನಿಗೆ ನೀರು ಹಾಕಿದ್ದಾಯಿತು, ಆರತಿಯೂ ಆಯಿತು.

ಉಳವಪ್ಪ ಉಳಿದ ಕಡ್ಡಿಗಳನ್ನು ತೂಗಿದ. "ಸುಟ್ಟದ್ದು ಒಂದು ಕೆಜಿ ಮುನ್ನೂರಾ ಐವತ್ತ ಗ್ರಾಂ!" ಎಂದು ಕೂಗಿದ. ಓಣಿ ಚಪ್ಪಾಳೆ ತಟ್ಟಿತು. ಅವನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲ್ಲ, ಸಂತೋಷಕ್ಕೆ. ಬದುಕಿನಲ್ಲಿ ಮೊದಲ ಸಲ ಅವನ ಮಾತು ನಿಂತಿತ್ತು.

"ಏನಂತೀ?" ಎಂದು ಹೆಂಡತಿಯ ಕಡೆ ತಿರುಗಿದ.

"ಗೆದ್ರಿ ಬಿಡ್ರಿ," ಎಂದಳು ಮಹಾನಂದಾ. ಮೊಬೈಲ್ ಹಿಡಿದು ಒಳಗೆ ಹೋದಳು.

ಗೆದ್ದ ಮೇಲೆ ಸುಮ್ಮನಿರಲು ಓಣಿ ಬಿಡಬೇಕಲ್ಲ. "ಇಷ್ಟ ಕಡಿಮಿ ಕಟಗ್ಯಾಗ ಆಗೂದಾದ್ರ ನಮ್ಮ ಮನಿ ಮಂದೀನೂ ಇಲ್ಲೇ ಎರಕೊಳ್ಳಲಿ," ಎಂದು ಸೋಮಪ್ಪ ಮನೆಯ ಏಳು ಜನರನ್ನೂ ಕರೆತಂದ. ಇಂದ್ರವ್ವ ತನ್ನವರನ್ನು ಕರೆತಂದಳು. ಕಡ್ಡಿ ಸರಿಸುವ ಗುಟ್ಟು ಉಳವಪ್ಪನೊಬ್ಬನಿಗೇ ಗೊತ್ತು, ಹಾಗಾಗಿ ಅವನು ಏಳುವಂತಿಲ್ಲ. ಹತ್ತು ಗಂಟೆಯ ಹೊತ್ತಿಗೆ ಆರು ಹಂಡೆ ನೀರು ಕಾದು, ಇಪ್ಪತ್ತಮೂರು ಜನರ ಅಭ್ಯಂಗವಾಯಿತು. ಕಟ್ಟಿಗೆ ಎಂಟು ಕೆಜಿ ದಾಟಿದ ಮೇಲೆ ಅವನು ತೂಗುವುದನ್ನೇ ಬಿಟ್ಟ.

ಊಟಕ್ಕೆ ಎಲೆ ಹಾಕಿದರು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಎಲ್ಲರೂ ಕೂತರೂ ಮಾಂತೇಶ ಎಲೆಗೆ ಕೈ ಹಚ್ಚಲಿಲ್ಲ. ಮೊದಲ ದೀಪಾವಳಿಗೆ ಬಂದ ಅಳಿಯ ಹೀಗೆ ಮುನಿಸಿಕೊಂಡು ಕೂಡುವುದು, ಕೇಳಿದ್ದು ಕೊಡುತ್ತೇನೆಂದು ಮಾವ ಮಾತು ಕೊಡುವುದು, ಆಮೇಲೆ ಅವನು ಉಣ್ಣುವುದು ರೂಢಿ. ಉಳವಪ್ಪ ಇದಕ್ಕೂ ತಯಾರಾಗಿದ್ದ. ಒಂದು ಒಳ್ಳೆಯ ಕೈಗಡಿಯಾರ ತಂದಿಟ್ಟಿದ್ದ.

"ಕೇಳ್ರಿ ಅಳಿಯಂದ್ರ," ಎಂದ, ಗೆದ್ದವನ ಉದಾರತೆಯಿಂದ. "ಇವತ್ತ ಏನ ಕೇಳಿದ್ರೂ ಇಲ್ಲ ಅನ್ನೂದಿಲ್ಲ. ಓಣಿ ಮಂದಿ ಸಾಕ್ಷಿ."

"ಮಾವಾರ," ಮಾಂತೇಶ ತಲೆ ತಗ್ಗಿಸಿ ಹೇಳಿದ, "ನನಗ ಆ ಒಲಿ ಬೇಕ್ರಿ."

ಉಳವಪ್ಪ ಗಡಿಯಾರದ ಡಬ್ಬಿಯನ್ನು ಮುಂದೆ ಚಾಚಿದ. "ಒಲಿ? ಅಲ್ರಿ, ಗಡಿಯಾರ ಐತಿ, ಚಲೋ ಕಂಪನೀದು..."

"ಗಡಿಯಾರದಾಗ ನೀರ ಕಾಯಂಗಿಲ್ಲಲ್ರಿ."

"ಕೊಟ್ಟಬಿಡೋ ಉಳವಪ್ಪಾ," ಎಂದ ಸೋಮಪ್ಪ, ಮೂರನೆಯ ಹೋಳಿಗೆ ಮುರಿಯುತ್ತ. "ಮಾತ ಕೊಟ್ಟೀಯಲ್ಲ. ನಾವೆಲ್ಲಾ ಕೇಳೇವಿ."

"ರಾಣೀ, ನೀನರೆ ಹೇಳವಾ," ಎಂದು ಉಳವಪ್ಪ ಮಗಳತ್ತ ನೋಡಿದ. "ದಿನಾ ಅದರ ಮುಂದ ಕುಂದರಬೇಕು. ನಿನ್ನ ಕೈಲೆ ಆಗತೈತೇನು?"

"ನಾ ಯಾಕ ಕುಂದರ್ಲಿ ಅಪ್ಪಾ? ದಿನಾ ಬೆಂಕಿ ಅವರ ಹಚ್ಚತಾರ. ಅವ್ವನ ಮುಂದ ಆಣಿ ಮಾಡ್ಯಾರ," ಎಂದಳು ರಾಣಿ. ಮಾಂತೇಶ ಹೌದೆಂದು ತಲೆಯಾಡಿಸಿ ಹೋಳಿಗೆಗೆ ಕೈ ಹಾಕಿದ.

ಊಟ ಮುಗಿಯುವ ಮೊದಲೇ ಬಾಗಿಲಲ್ಲಿ ಒಂದು ಟಂಟಂ ಗಾಡಿ ಬಂದು ನಿಂತಿತು. ಡ್ರೈವರ್ ನಿಂಗರಾಜ ಇಣುಕಿ, "ಕಾಕೂ, ಒಲಿ ಎಲ್ಲಿಗೆ ಒಯ್ಯೂದ್ರಿ? ಗುಜರಿಗೋ, ಮುನವಳ್ಳಿಗೋ?" ಎಂದು ಕೇಳಿದ.

"ಮುನವಳ್ಳಿಗಪ್ಪಾ," ಎಂದಳು ಮಹಾನಂದಾ. "ಒಲಿ ಗೆದ್ದೈತಿ."

ಉಳವಪ್ಪ ಹೆಂಡತಿಯ ಮುಖವನ್ನೇ ನೋಡಿದ. "ಅಂದ್ರ ಗಾಡೀ..."

"ನಿನ್ನೆನ ಹೇಳಿದ್ನಿ. ಸೋತ್ರ ಗುಜರಿಗೆ, ಗೆದ್ರ ಮಗಳ ಮನಿಗೆ." ಅವಳ ದನಿ ಒಮ್ಮೆಲೆ ಗಟ್ಟಿಯಾಯಿತು. "ಎರಡ ತಿಂಗಳ ಕಟಗಿ ತೂಗಿದ್ರಿ, ಬೂದಿ ತೂಗಿದ್ರಿ. ಒಲಿ ಮುಂದ ಕುಂತಾಕಿನ್ನ ಒಮ್ಮೆರೆ ತೂಗಿದ್ರೇನು? ಇವತ್ತ ಮುಂಜಾನಿಂದ ನೀವ ಕುಂತ್ರಿ. ಟೊಂಕ ಹ್ಯಾಂಗೈತಿ?"

ಟೊಂಕ ಹೇಗಿದೆಯೆಂಬುದು ಉಳವಪ್ಪನಿಗೆ ಎದ್ದು ನಿಲ್ಲುವಾಗ ಗೊತ್ತಾಯಿತು. ನಾಲ್ಕು ಜನ ಒಲೆಯನ್ನು ಎತ್ತಿ ಗಾಡಿಗೆ ಹಾಕಿದರು. ಮಾಂತೇಶ ಅದಕ್ಕೆ ಹೊಸ ಮದುಮಗಳನ್ನು ಕೂರಿಸಿದಷ್ಟು ಜೋಪಾನವಾಗಿ ಹಗ್ಗ ಬಿಗಿದ.

"ನಾಳೆ ಹತ್ತಕ್ಕ ಗೀಸರ್ ಹಚ್ಚಾಂವ ಬರತಾನ," ಎಂದಳು ಮಹಾನಂದಾ. "ನಿಮ್ಮ ಒಲಿ ಗೆದ್ದೈತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನೀರ ಕಾಸಾಕ ಮನ್ಯಾಗ ಏನರೆ ಬೇಕಲ್ಲ?"

ಇಂದ್ರವ್ವ ಉಳವಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯ ತಮ್ಮಾ, ಓಣಿಗೆಲ್ಲಾ ನೀರ ಕಾಸಿದಿ. ನೀ ಎರಕೊಂಡಿಯೇನು?"

ಅವನು ಎರೆದುಕೊಂಡಿರಲಿಲ್ಲ. ಹಬ್ಬದ ದಿನ ಸ್ನಾನವಿಲ್ಲದೆ ಇರುವಂತಿರಲಿಲ್ಲ, ಹಂಡೆ ಬರಿದಾಗಿತ್ತು, ಒಲೆಯಿದ್ದ ಜಾಗದಲ್ಲಿ ದುಂಡಗೆ ಬೂದಿಯ ಗುರುತಷ್ಟೇ ಇತ್ತು. ಉಳವಪ್ಪ ಬೋರಿನ ನಲ್ಲಿಯಿಂದ ಒಂದು ಬಕೆಟ್ ತಣ್ಣೀರು ಹಿಡಿದು, ಬಾಗಿಲು ಹಾಕಿಕೊಂಡು, ಕಣ್ಣುಮುಚ್ಚಿ ಮೊದಲ ತಂಬಿಗೆ ನೆತ್ತಿಗೆ ಹೊಯ್ದುಕೊಂಡ. ಆ ಕೂಗು ಓಣಿಯ ತುದಿಯವರೆಗೂ ಕೇಳಿಸಿತು.

ಹೊರಗೆ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಸೋಮಪ್ಪ ಪಕ್ಕದವರಿಗೆ ಹೇಳಿದ: "ಗೆದ್ದ ಮನಷ್ಯಾ ನೋಡ್ರಿ, ಹಾಡಾಕತ್ಯಾನ."