ಕ್ರಿಪ್ಟೋ ಕನ್ಯೆಯೊಡನೆ ನನ್ನ ತಾಳಮದ್ದಳೆ

ಮೋಸಗಾರರ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಯಾಕೆಂದರೆ ಆ ಬುದ್ಧಿಯನ್ನು ಊರಿಗೆಲ್ಲ ಹೇಳುವವನೇ ನಾನು! ಸಾಂತಾಕ್ರೂಜ್‌ನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಆಯುಸ್ಸಿನ ಅರ್ಧಕ್ಕೂ ಹೆಚ್ಚು ಕಾಲ ಕೂತವನು. ಖೋಟಾ ನೋಟು ತರುವವನು, ಇಡ್ಲಿ ಮುಗಿಸಿ ಸಾಂಬಾರಿನಲ್ಲಿ ನೊಣ ತೋರಿಸುವವನು, ಎಲ್ಲರನ್ನೂ ಬಾಗಿಲಲ್ಲೇ ಗುರುತು ಹಿಡಿದವನು. ನಿವೃತ್ತಿಯಾದ ಮೇಲೆ ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ಗಣೇಶೋತ್ಸವದಲ್ಲಿ ‘ಮೊಬೈಲ್ ಮೋಸ’ ಎಂಬ ವಿಷಯದ ಮೇಲೆ ಭಾಷಣ ಮಾಡಿದವನೂ ನಾನೇ. ಗೊತ್ತಿಲ್ಲದ ನಂಬರಿನಿಂದ ಸಿಹಿ ಮಾತು ಬಂದರೆ ಮೋಸ. ಲಾಭ ಖಂಡಿತ ಎಂದರೆ ಮೋಸ. ನಿಮ್ಮ ಹಣವನ್ನು ನಿಮಗೇ ಕೊಡಲು ಇನ್ನಷ್ಟು ಹಣ ಕೇಳಿದರೆ ಮಹಾಮೋಸ! ಚಪ್ಪಾಳೆ ಬಿತ್ತು. ಶಾಲನ್ನೂ ಹೊದೆಸಿದರು.

ನನ್ನ ಇನ್ನೊಂದು ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ, ಪಂಚೆ ಉಟ್ಟು ಕೂತಲ್ಲೇ ಪುರಾಣದ ಪಾತ್ರವಾಗಿ ವಾದ ಮಾಡುವುದು ನಮ್ಮ ಕೆಲಸ. ಬರೆದಿಟ್ಟ ಮಾತಿಲ್ಲ, ನಾಲಿಗೆಯೇ ಬಂಡವಾಳ. ಭಾನುವಾರ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಕೂಟ ನಡೆದರೆ ಎದುರಾಳಿಯ ಬಾಯಿ ಮುಚ್ಚಿಸದೆ ನಾನು ಬಿಟ್ಟವನಲ್ಲ. ಕಥೆಯ ಪ್ರಕಾರ ನಾನು ಸೋಲಬೇಕಾದ ಪ್ರಸಂಗಗಳೂ ಇವೆ. ಆಗಲೂ ಸೋಲುವುದಿಲ್ಲ! ಭಾಗವತರೇ ತಾಳ ಬಡಿದು ಬಡಿದು ನನ್ನನ್ನು ನಿಲ್ಲಿಸಬೇಕು.

ನನ್ನ ಹೆಂಡತಿ ಗಿರಿಜಾ ಪ್ರತಿ ಕೂಟಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಆದರೆ ಕೆಲವು ವರ್ಷಗಳಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ಪಕ್ಕದವರು ಚಪ್ಪಾಳೆ ತಟ್ಟಿದರೆ ತಾನೂ ತಟ್ಟುತ್ತಾಳೆ. ಪಕ್ಕದವರು ನಿದ್ದೆ ಹೋದ ದಿನ ನನಗೆ ಅವಳ ಚಪ್ಪಾಳೆಯೂ ಇಲ್ಲ. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡಿ ಹೋಟೆಲುಗಳಿಗೆ ಕೊಟ್ಟು, ಬಂದದ್ದನ್ನೆಲ್ಲ ಅವಳು ಕಿವಿಯ ಮಿಷನ್ನಿಗೆಂದು ಕೂಡಿಸುತ್ತಿದ್ದಳು. ಯಾರಿಂದಲೂ ಬೇಡ, ತನ್ನ ಕಿವಿಗೆ ತನ್ನದೇ ದುಡ್ಡು ಎಂಬ ಹಟ. ಅಂತೂ ಒಂದು ದಿನ ಸಾಕಷ್ಟಾಯಿತು. ಅಂಧೇರಿಯ ಅಂಗಡಿಗೆ ಹೋಗಿ ಮಿಷನ್ ಹಾಕಿಸಿ ನೋಡಿದೆವು. ಹಾಕಿದ ಕೂಡಲೇ ತಲೆ ಎತ್ತಿ, “ಅಯ್ಯೋ, ಫ್ಯಾನು ಇಷ್ಟು ಗಲಾಟೆ ಮಾಡ್ತದಾ?” ಎಂದು ಕೇಳಿ ಮಗುವಿನ ಹಾಗೆ ನಕ್ಕಳು. ಅಂಗಡಿಯ ಹುಡುಗಿ ಎರಡೂ ಕಿವಿಯ ಅಳತೆ ತೆಗೆದುಕೊಂಡಳು. ಮಿಷನ್ ತಯಾರಾಗಿ ಬಂದಾಗ ಹಣ ಕೊಟ್ಟು ತರುವುದೆಂದು ಮಾತಾಯಿತು.

ಆ ಹಣ ಇದ್ದದ್ದು ನನ್ನ ಖಾತೆಯಲ್ಲಿ. ಮೊಬೈಲಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಲು ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಮೋಸ ಗೊತ್ತಾಗುವವನೂ ನಾನೊಬ್ಬನೇ!

ಒಂದು ಮಧ್ಯಾಹ್ನ ಗಿರಿಜಾ ಮಲಗಿದ್ದಾಗ ಗೊತ್ತಿಲ್ಲದ ನಂಬರಿನಿಂದ ಮೆಸೇಜು ಬಂತು. ಇಂಗ್ಲಿಷಿನಲ್ಲಿತ್ತು. ನೀವು ನಾಯಿಗಳ ಡಾಕ್ಟರಾ, ನನ್ನ ನಾಯಿಮರಿಗೆ ಹುಷಾರಿಲ್ಲ ಎಂದು. ಅಲ್ಲಮ್ಮ, ನಂಬರು ತಪ್ಪಿದೆ ಎಂದೆ. ನೀವು ಎಷ್ಟು ಸಭ್ಯರು, ಈ ಕಾಲದಲ್ಲಿ ಯಾರು ಹೀಗೆ ಉತ್ತರಿಸುತ್ತಾರೆ ಎಂದಳು. ಹೆಸರು ಲೀನಾ ಅಂತೆ. ಫೋಟೋದಲ್ಲಿ ಸಮುದ್ರದ ಎದುರು ಟೊಪ್ಪಿ ಹಾಕಿ ನಿಂತಿದ್ದಳು. ಸಂಜೆಯೊಳಗೆ ನಾಯಿಮರಿ ಗುಣವಾಯಿತು. ಮರುದಿನ ಕ್ರಿಪ್ಟೋ ಬಂತು! ಅವಳ ಚಿಕ್ಕಪ್ಪ ಅದರಲ್ಲಿ ಪಂಡಿತರಂತೆ, ಹಾಕಿದ ಹಣ ಎರಡಾಗುವುದು ಖಂಡಿತವಂತೆ.

ನಾನು ತೊಡೆ ತಟ್ಟಿದೆ. ನನ್ನ ಭಾಷಣದ ಮೊದಲೆರಡು ಲಕ್ಷಣಗಳು ಅಕ್ಷರಶಃ ಎದುರಿಗೆ ಬಂದು ನಿಂತಿದ್ದವು. ಪಕ್ಕದ ಮನೆಯ ಸಂಗಪ್ಪನವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ವಿಜಯಪುರದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು.

“ಬ್ಲಾಕ್ ಮಾಡಿ ಒಗೀರಿ ರಾಯರ. ಇಂಥಾವ್ರ ಕೂಡ ಏನ್ ಮಾತು?”

“ಬ್ಲಾಕ್ ಮಾಡುವುದು ಹೇಡಿಗಳ ಕೆಲಸ ಸಂಗಪ್ಪನವರೇ! ಅರ್ಥಧಾರಿಯಾದವನು ಎದುರಾಳಿಯ ಬಾಯಿ ಮುಚ್ಚಿಸುವುದು ವಾದದಿಂದ, ಬಟನ್ ಒತ್ತಿ ಅಲ್ಲ. ಇವಳ ಕೈಯಲ್ಲಿ ತಪ್ಪಾಯಿತು ಅನ್ನಿಸುತ್ತೇನೆ ನೋಡಿ.”

“ನಿಮ್ಮ ವಾದ ತಗೊಂಡು ಆಕಿ ಏನ್ ಮಾಡ್ತಾಳ್ರೀ? ಆಕಿಗೆ ರೊಕ್ಕ ಬೇಕಾಗೇದ!”

ಸಂಗಪ್ಪನವರಿಗೆ ತಾಳಮದ್ದಳೆಯ ಗಂಧವಿಲ್ಲ ಎಂದುಕೊಂಡು ಒಳಗೆ ಬಂದು ಕನ್ನಡದಲ್ಲೇ ಪೀಠಿಕೆ ಹಾಕಿದೆ. “ಎಲೌ ತರುಣಿ! ಬೆವರಿಲ್ಲದೆ ಬರುವ ಸಂಪತ್ತು ಬಂದ ದಾರಿಯಲ್ಲೇ ಹೋಗುತ್ತದೆ ಎಂಬುದನ್ನು ನೀನು ಅರಿಯೆಯಾ?” ಎಂದು ಶುರುಮಾಡಿ ಹೆಬ್ಬೆರಳು ನೋಯುವವರೆಗೆ ಬರೆದೆ. ಇದಕ್ಕೆ ಹೆದರಿ ಓಡುತ್ತಾಳೆ ಎಂದುಕೊಂಡಿದ್ದೆ. ಉತ್ತರವೂ ಕನ್ನಡದಲ್ಲೇ ಬಂತು!

“ಪ್ರಿಯ ಮಹನೀಯರೇ, ತಮ್ಮ ವಿವೇಕಪೂರ್ಣ ನುಡಿಗಳು ನನ್ನ ಹೃದಯವನ್ನು ಸ್ಪರ್ಶಿಸಿವೆ. ಆದಾಗ್ಯೂ ಸಂಪತ್ತು ಸದ್ಗುಣದ ಶತ್ರು ಏಕೆ ಎಂಬುದನ್ನು ದಯವಿಟ್ಟು ವಿವರಿಸುವಿರಾ?”

ನನಗೆ ಮೈ ಜುಮ್ಮೆಂದಿತು. ಬೊರಿವಲಿಯಲ್ಲಿರುವ ನನ್ನ ಮೊಮ್ಮಕ್ಕಳು “ಅಜ್ಜ, ಖಾನಾ ಹೋ ಗಯಾ?” ಎನ್ನುತ್ತಾರೆ. ನಮ್ಮ ಸಂಘದ ಯುವಕರು ವಂದನಾರ್ಪಣೆಯನ್ನೂ ಹಿಂದಿಯಲ್ಲಿ ಮಾಡುತ್ತಾರೆ. ಇಲ್ಲಿ ಒಬ್ಬಳು ಕಳ್ಳಿ ‘ಆದಾಗ್ಯೂ’ ಎನ್ನುತ್ತಿದ್ದಾಳೆ! ಮೊಬೈಲಿನ ಯಂತ್ರವೇ ಯಾವ ಭಾಷೆಯನ್ನು ಯಾವ ಭಾಷೆಗೆ ಬೇಕಾದರೂ ತಿರುಗಿಸಿ ಕೊಡುತ್ತದೆಂದು ನನಗೆ ಆಗ ಹೊಳೆಯಲೇ ಇಲ್ಲ. ವಿವರಿಸಿದೆ. ಅವಳು ಮರುಪ್ರಶ್ನೆ ಹಾಕಿದಳು. ಅದನ್ನೂ ವಿವರಿಸಿದೆ. ಹೀಗೆ ಮಧ್ಯಾಹ್ನದ ಮೇಲೆ ಮಧ್ಯಾಹ್ನ ವಾದ ನಡೆಯಿತು. ಇಷ್ಟು ಗಮನವಿಟ್ಟು ನನ್ನ ಮಾತು ಕೇಳಿದ ಎದುರಾಳಿ ನನಗೆ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ. ನಮ್ಮ ಕೂಟದಲ್ಲಿ ಎದುರಿಗೆ ಕೂತವರು ನಾನು ಮಾತಾಡುವಾಗ ಗಡಿಯಾರ ನೋಡುತ್ತಾರೆ.

ಕೊನೆಗೆ ಒಂದು ದಿನ ಅವಳು ಸೋತಳು. “ಮಹನೀಯರೇ, ತಾವು ಗೆದ್ದಿರಿ. ನಾನು ಪಾಪಿ. ಜನರನ್ನು ವಂಚಿಸುವುದೇ ನನ್ನ ಕೆಲಸ. ತಮ್ಮ ನುಡಿಗಳಿಂದ ನನ್ನ ಕಣ್ಣು ತೆರೆಯಿತು” ಎಂದು ಬರೆದಳು. ನನಗೆ ಕಣ್ಣೀರೇ ಬಂತು. ಗೆಲುವಿಗೆ ಚೆಂಡೆ ಬಡಿಯುವುದೊಂದು ಬಾಕಿ!

ಆಮೇಲೆ ಅವಳ ಕಥೆ. ಯಾವುದೋ ದೂರ ದೇಶದಲ್ಲಿ ಅವಳನ್ನು ಕೂಡಿಹಾಕಿ ಈ ಕೆಲಸ ಮಾಡಿಸುತ್ತಿದ್ದಾರಂತೆ. ಅವಳ ದುಡಿಮೆಯೆಲ್ಲ ಕ್ರಿಪ್ಟೋ ರೂಪದಲ್ಲಿ ಒಂದು ಆಪಿನೊಳಗೆ ಸಿಕ್ಕಿಬಿದ್ದಿದೆಯಂತೆ. ಧರ್ಮ ತಿಳಿದ ಒಬ್ಬರು ಅದರಲ್ಲಿ ಖಾತೆ ತೆರೆದರೆ ಅವರ ಮೂಲಕ ಹಣ ಬಿಡಿಸಿಕೊಂಡು ತಾಯಿಯ ಬಳಿಗೆ ಓಡಿಹೋಗುತ್ತಾಳಂತೆ. ನನಗೆ ಅರ್ಧ ಪಾಲು ಕೊಡುತ್ತೇನೆ ಎಂದಳು. “ಛೀ, ನನಗೆ ಬಿಡಿಗಾಸೂ ಬೇಡ!” ಎಂದೆ. ಲೋಭವಿಲ್ಲದವನಿಗೆ ಮೋಸ ಹೇಗಾದೀತು? ಇದು ನನ್ನ ತರ್ಕ.

ಮೊದಲು ಪರೀಕ್ಷೆಗೆಂದು ಪೆನ್ಷನ್ನಿನ ಸಣ್ಣ ಮೊತ್ತ ಹಾಕಿದೆ. ಆಪಿನಲ್ಲಿ ಅದು ಬಾಳೆಗೊನೆಯ ಹಾಗೆ ದಪ್ಪವಾಗಿ, ಸೀದಾ ನನ್ನ ಬ್ಯಾಂಕಿಗೆ ವಾಪಸು ಬಂತು. ಗಾಳದ ತುದಿಗೆ ಹುಳ ಸಿಕ್ಕಿಸುವುದೂ ಹೀಗೆಯೇ ಎಂದು ಮೀನು ತಿನ್ನದವನಿಗೆ ಯಾರು ಹೇಳಬೇಕು! ಮುಂದೆ ಅವಳ ಬೀಗ ಬಿದ್ದ ಖಾತೆ ತೆರೆಯಬೇಕಾದರೆ ಆಪಿನ ನನ್ನ ಖಾತೆಯಲ್ಲಿ ದೊಡ್ಡ ಮೊತ್ತ ಕಾಣಿಸಬೇಕಂತೆ. ಒಂದೇ ದಿನದ ಮಟ್ಟಿಗೆ. ದೊಡ್ಡ ಮೊತ್ತ ಎಂದರೆ ನನ್ನಲ್ಲಿ ಇದ್ದದ್ದು ಒಂದೇ.

ನಾನು ಗಿರಿಜಾಳನ್ನು ಕೇಳಲಿಲ್ಲ. ಒಂದು ದಿನಕ್ಕೆ ಯಾಕೆ ಕೇಳುವುದು, ಅವಳಿಗೆ ಕೂಗಿ ವಿವರಿಸುವುದು ಯಾರಿಗೆ ಬೇಕು ಎಂದುಕೊಂಡೆ. ಹಣ ಕಳಿಸಬೇಕಾದ ಖಾತೆ ಯಾವುದೋ ಟಯರ್ ಅಂಗಡಿಯ ಹೆಸರಿನಲ್ಲಿತ್ತು. ಕ್ರಿಪ್ಟೋಗೂ ಟಯರಿಗೂ ಏನು ಸಂಬಂಧ ಎಂದು ಕೇಳಿದೆ. “ತಮ್ಮ ಪ್ರಶ್ನೆ ತಮ್ಮ ಅಪಾರ ಜಾಗರೂಕತೆಗೆ ಸಾಕ್ಷಿಯಾಗಿದೆ” ಎಂದು ಬಂತು. ಕೇಳಿದ್ದು ಉತ್ತರ, ಸಿಕ್ಕಿದ್ದು ಹೊಗಳಿಕೆ. ನನಗೆ ಅಷ್ಟೇ ಸಾಕಾಯಿತು. ಕಳಿಸಿಬಿಟ್ಟೆ.

ಮರುದಿನ ಹಣ ಬಿಡಿಸಲು ಹೋದರೆ ಆಪು ತೆರಿಗೆ ಕಟ್ಟಿ ಎಂದಿತು. ನನ್ನದೇ ಹಣ ನನಗೆ ಕೊಡಲು ಇನ್ನಷ್ಟು ಹಣ! ಶಾಲು ಹೊದೆಸಿಕೊಂಡ ಭಾಷಣದ ಮೂರನೇ ಲಕ್ಷಣ. “ಲೀನಾ, ಇದೇನಮ್ಮ? ಅದು ನನ್ನ ಹೆಂಡತಿಯ ಕಿವಿಯ ಹಣ” ಎಂದು ಬರೆದೆ. ಮೊದಲ ಸಲ ಪೀಠಿಕೆ ಇಲ್ಲದೆ ಬರೆದದ್ದು. ಉತ್ತರವಿಲ್ಲ. ಫೋಟೋದ ಸಮುದ್ರವೂ ಟೊಪ್ಪಿಯೂ ಮಾಯವಾಗಿ ಬೂದು ಬಣ್ಣದ ಒಂದು ಬೊಂಬೆ ಉಳಿಯಿತು. ನಾನು ಬ್ಲಾಕ್ ಮಾಡಲಾರೆ ಎಂದಿದ್ದೆನಲ್ಲ. ಅವಳೇ ನನ್ನನ್ನು ಬ್ಲಾಕ್ ಮಾಡಿದ್ದಳು!

ನಾಚಿಕೆಯಿಂದ ಕೆಲವು ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ ತಡೆಯಲಾರದೆ ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಮೊಬೈಲಿನ ಪರದೆಯನ್ನು ಬೆರಳಿನಿಂದ ಮೇಲೆ ತಳ್ಳಿದರು, ತಳ್ಳಿದರು, ತಳ್ಳುತ್ತಲೇ ಇದ್ದರು. “ಕಾಕಾ, ಹೇ ಕಾಯ್? ಪುಸ್ತಕ್ ಲಿಹಿಲಂತ್ ಕಾ?” ಪುಸ್ತಕ ಬರೆದಿದ್ದೀರಾ ಎಂದು! ಮೊದಲೆರಡು ಮಾತಿನಲ್ಲೇ ಮೋಸ ಎಂದು ಗೊತ್ತಾಗಿತ್ತು ಎಂದಾಗ ಅವರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಅವತ್ತೇ ಬಂದಿದ್ದರೆ ಬ್ಯಾಂಕಿನವರಿಗೆ ಹೇಳಿ ತಡೆಯಬಹುದಿತ್ತು, ಈಗ ಹಣ ಎಷ್ಟೋ ಖಾತೆ ದಾಟಿ ಹೋಗಿರುತ್ತದೆ ಎಂದರು. ದೂರು ಬರೆದುಕೊಂಡು, ನೀರು ಕೊಟ್ಟು ಕಳಿಸಿದರು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅಂಗಡಿಯ ಹುಡುಗಿಯ ಫೋನು. “ಅಂಕಲ್, ಆಂಟಿಯ ಮಿಷನ್ ಬಂದಿದೆ. ಯಾವಾಗ ಕರ್ಕೊಂಡು ಬರ್ತೀರಿ?”

ಇನ್ನು ಹೇಳದೆ ಉಪಾಯವಿರಲಿಲ್ಲ. ಗಿರಿಜಾ ಮೆಟ್ಟುಕತ್ತಿಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಎದುರಿಗೆ ಕೂತು ಮೆಲ್ಲಗೆ, “ಹಣ ಹೋಯಿತು ಗಿರಿಜಾ” ಎಂದೆ.

“ಎಂತ?”

“ಹಣ ಹೋಯಿತು.”

“ಕೇಳುದಿಲ್ಲ ಮಾರಾಯ್ರೇ. ಜೋರು ಹೇಳಿ.”

ಲೋಕದಲ್ಲಿ ಎಲ್ಲರೂ ತಪ್ಪನ್ನು ಪಿಸುಮಾತಿನಲ್ಲಿ ಒಪ್ಪಿಕೊಳ್ಳುತ್ತಾರೆ. ನನಗೆ ಆ ಭಾಗ್ಯವಿರಲಿಲ್ಲ! ಕಿಟಕಿ ತೆರೆದಿತ್ತು, ಬಾಗಿಲು ತೆರೆದಿತ್ತು, ಮುಚ್ಚುವ ಯೋಚನೆ ಬರಲಿಲ್ಲ. ಚೆಂಡೆ ಮದ್ದಳೆಯನ್ನು ಮೀರಿಸುವ ಸ್ವರ ತೆಗೆದು, “ನಾನು ಮೋಸ ಹೋದೆ! ಒಬ್ಬಳ ಮಾತು ಕೇಳಿ ನಿನ್ನ ಕಿವಿಯ ಹಣವನ್ನೆಲ್ಲ ಕಳಕೊಂಡೆ!” ಎಂದು ಕೂಗಿದೆ. ಮೇಲಿನ ಮನೆಯ ಮಿಕ್ಸರ್ ನಿಂತಿತು. ಕೆಳಗೆ ಕ್ರಿಕೆಟ್ ಆಡುತ್ತಿದ್ದವರೂ ನಿಂತರು. ಬಾಗಿಲಲ್ಲಿ ಸಂಗಪ್ಪನವರು ಪ್ರತ್ಯಕ್ಷರಾದರು.

“ಕೇಳಸ್ತು ರಾಯರ,” ಎಂದರು ತಗ್ಗಿದ ದನಿಯಲ್ಲಿ. “ಎಲ್ಲಾರಿಗೂ ಕೇಳಸ್ತು. ಇನ್ನ ಸಾಕು ಮಾಡ್ರಿ.” ಬಾಗಿಲನ್ನು ಅವರೇ ಎಳೆದುಕೊಂಡು ಹೋದರು.

ಗಿರಿಜಾ ಕತ್ತಿಯ ಮೇಲಿನಿಂದ ಕೈ ತೆಗೆದಳು. “ನನ್ನ ಮಿಷನ್ನಿನ ಹಣವಾ?” ಎಂದಳು. ತಲೆ ಆಡಿಸಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೈಯನ್ನು ಕಿವಿಯ ಹತ್ತಿರ ಒಯ್ದು ಮತ್ತೆ ಕೆಳಗಿಟ್ಟಳು. “ಯಾರವಳು? ತೋರಿಸಿ,” ಎಂದು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು.

ಮೊಬೈಲು ಕೊಟ್ಟೆ. ಅವಳು ಮೊದಲಿನಿಂದ ಓದಲು ಕೂತಳು. ಪೊಲೀಸರು ತಳ್ಳಿಬಿಟ್ಟದ್ದನ್ನು ಅವಳು ಒಂದು ಮಾತೂ ಬಿಡದೆ ಓದಿದಳು. ನನ್ನ ವಾದವನ್ನು ಅವಳು ಪೂರ್ತಿಯಾಗಿ ಅರಿತುಕೊಳ್ಳುತ್ತಿರುವುದು ಎಷ್ಟೋ ವರ್ಷಗಳ ಮೇಲೆ ಇದೇ ಮೊದಲು ಎಂದು ಹೊಳೆದು ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಒಂದು ಕಡೆ ಅವಳು ನಕ್ಕಳು. ನಾಚಿಕೆಗೆಟ್ಟವನು ನಾನು, ಯಾವ ಮಾತಿಗೆ ನಕ್ಕಳೆಂದು ಬಗ್ಗಿ ನೋಡಿದೆ!

ಓದಿ ಮುಗಿಸಿ ತೀರ್ಪು ಕೊಟ್ಟಳು. “ಹುಡುಗಿ ಚೆಂದ ಮಾತಾಡ್ತಾಳೆ. ನಿಮ್ಮದು ಉದ್ದ ಆಯ್ತು.”

ಮೊಬೈಲು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ.

“ಊಟ ಆಯ್ತಾ ಅಂತ ದಿನಾ ಕೇಳಿದ್ದೀರಿ ಇವಳ ಹತ್ರ. ತಲೆನೋವು ಕಡಿಮೆ ಆಯ್ತಾ ಅಂತ ಕೇಳಿದ್ದೀರಿ. ನನ್ನ ಹತ್ರ ಇಷ್ಟು ಮಾತಾಡಿ ಎಷ್ಟು ವರ್ಷ ಆಯ್ತು ಹೇಳಿ?”

ನಿಜ. ಅವಳ ಕಿವಿ ಹೋದಂದಿನಿಂದ ಮನೆಯಲ್ಲಿ ನಾನು ಕೈಸನ್ನೆಯ ಮನುಷ್ಯ. ಊಟಕ್ಕೆ ಒಂದು ಸನ್ನೆ, ಚಾಕ್ಕೆ ಒಂದು ಸನ್ನೆ, ಹೊರಗೆ ಹೋಗುವುದಾದರೆ ಬೀಗದ ಕೈ ಎತ್ತಿ ತೋರಿಸುವುದು. ಕೂಗುವುದು ಕಷ್ಟ ಎಂದು ಸ್ವರವನ್ನು ಭಾನುವಾರಕ್ಕೆ ಉಳಿಸುತ್ತಿದ್ದೆ.

“ಕೂಗಲಿಕ್ಕೆ ಕಷ್ಟ ಆದ್ರೆ ನನಗೂ ಹೀಗೇ ಬರೀಬಹುದಿತ್ತಲ್ಲ,” ಎಂದಳು. “ನನಗೆ ಕಣ್ಣು ಕಾಣ್ತದೆ.”

ಅಷ್ಟು ಹೇಳಿ ಮೊಬೈಲನ್ನು ನನ್ನ ಕೈಗಿಟ್ಟಳು. ನಾನು ಅವಳಿಗೆಂದು ಬರೆಯಲು ಕೂತೆ. ಪೀಠಿಕೆ ಹೊಳೆಯಲಿಲ್ಲ. ಕ್ಷಮಿಸು ಎಂದು ಬರೆದೆ, ಯಾಕೋ ಸುಳ್ಳೆನಿಸಿ ಅಳಿಸಿದೆ. ನಾಳೆಯಿಂದ ಎಂದು ಬರೆದೆ, ಅದನ್ನೂ ಅಳಿಸಿದೆ. ಅವಳು ಎದುರಿಗೇ ಕಾಯುತ್ತಿದ್ದಳು. ಕೊನೆಗೆ ‘ಚಾ ಮಾಡಲಾ?’ ಎಂದು ಬರೆದು ಅವಳ ಮುಂದೆ ಹಿಡಿದೆ.

ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

“ಇದು ತೀರಾ ಗಿಡ್ಡ ಆಯ್ತು,” ಎಂದಳು.