ಇಪ್ಪತ್ತೈದಕ್ಕೆ ಹದಿನೆಂಟು

ಆ ನರ್ಸಮ್ಮನನ್ನು ನಾನು ಮೊದಲು ಕಂಡದ್ದು ಹೆರಿಗೆ ವಾರ್ಡಿನಲ್ಲಿ, ನನ್ನ ಮಗಳು ದಿನ ತುಂಬಿ ದಾಖಲಾದ ಬೆಳಿಗ್ಗೆ. ಅವರ ಕೈಯಲ್ಲಿ ನಾಲ್ಕು ಪುಟದ ಅರ್ಜಿಯಿತ್ತು.

"ನೋಡಮ್ಮಾ, ಹೆರಿಗೆ ಆದ್ಮೇಲೆ ಹೊಕ್ಕುಳಬಳ್ಳೀಲಿ ಉಳಿಯೋ ರಕ್ತಾನ ಸುಮ್ನೆ ಎಸೀತೀವಿ. ಅದರ ಕಾಂಡಕೋಶಗಳಿಂದ, ಅಂದ್ರೆ ಹೊಸ ರಕ್ತ ಹುಟ್ಟಿಸೋ ಕಣಗಳಿಂದ, ರಕ್ತದ ಕ್ಯಾನ್ಸರ್ ಇರೋರು ಬದುಕ್ಬಹುದು. ನಿಂಗೂ ಮಗೂಗೂ ನೋವಾಗಲ್ಲ. ದಾನ ಮಾಡ್ತೀಯಾ?"

ಮಗಳು ತಕ್ಷಣ ಒಪ್ಪಿದಳು. ಅವಳ ಜೊತೆ ಓದಿದವಳೊಬ್ಬಳು (ನನ್ನ ತರಗತಿಯಲ್ಲೇ ಮೊದಲ ಬೆಂಚಿನವಳು) ಹೊಂದುವ ಕಾಂಡಕೋಶಕ್ಕೆ ಕಾದೂ ಕಾದೂ ತೀರಿಕೊಂಡಿದ್ದಳು. ಇಪ್ಪತ್ತೈದು ಪ್ರಶ್ನೆಗಳಿಗೂ ಉತ್ತರ ಬರೆದು ಸಹಿ ಹಾಕುವುದಕ್ಕೂ ನೋವು ಶುರುವಾಗುವುದಕ್ಕೂ ಸರಿಹೋಯಿತು. "ಅಪ್ಪಾ, ನರ್ಸಮ್ಮ ಬಂದ್ರೆ ಕೊಟ್ಬಿಡಿ" ಎಂದು ಅರ್ಜಿಯನ್ನು ನನ್ನ ಕೈಗಿತ್ತು ಒಳಗೆ ಹೋದಳು.

ಕೊಡಬೇಕಿತ್ತು. ಅಷ್ಟೇ ಕೆಲಸ. ಆದರೆ ಮೂವತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಇದು. ಜೇಬಿನಲ್ಲಿ ಕೆಂಪು ಪೆನ್ನು ಬೇರೆ. ಒಳಗಿನಿಂದ ಮಗಳ ನರಳಾಟ ಕೇಳಿದಂತೆಲ್ಲ ಕೈ ತಾನಾಗಿ ಓಡಿತು. ಇದು ಸರಿ, ಇದಕ್ಕೆ ಅರ್ಧ ಅಂಕ... ರಕ್ತಸಂಬಂಧಿಗಳಿಗೆ ಕಾಯಿಲೆ ಇದೆಯೇ ಎಂಬುದಕ್ಕೆ ಬರೀ 'ಇಲ್ಲ' ಎಂದಿದ್ದಳು. ಪಕ್ಕದಲ್ಲಿ 'ಕಾರಣ ಸಹಿತ ವಿವರಿಸು' ಎಂದು ಬರೆದೆ. ಒಟ್ಟು ಹದಿನೆಂಟು. ಕೆಳಗೆ ನನ್ನ ದಿವ್ಯ ಹಸ್ತಾಕ್ಷರ!

ನರ್ಸಮ್ಮ ಅರ್ಜಿ ನೋಡಿ ಗೋಡೆ ಹಿಡಿದುಕೊಂಡರು. "ನೀವು ಮೇಷ್ಟ್ರಾ?"

"ನಿವೃತ್ತ," ಎಂದೆ, ವಿನಯದಿಂದ.

"ಅಯ್ಯೋ! ಬೇರೆಯವರ ಕೈ ಬಿದ್ದ ಅರ್ಜಿ ನಡೆಯಲ್ಲ ಸಾರ್!"

"ಹೊಸದು ಬರೆಸಿದರೆ?"

"ಈ ನೋವಲ್ಲಿ ಇರೋರ ಹತ್ರ ಒಪ್ಪಿಗೆ ತಗೊಳ್ಳೋ ಹಾಗಿಲ್ಲ."

ಫ್ಲಾಸ್ಕ್ ಹಿಡಿದು ಆಗಷ್ಟೇ ಬಂದ ನನ್ನಾಕೆ ಅರ್ಜಿ ನೋಡಿ ತಲೆ ಚಚ್ಚಿಕೊಂಡಳು. "ಶಾಲೆ ನಿಮ್ಮನ್ನ ಬಿಟ್ರೂ ನೀವು ಅದನ್ನ ಬಿಡ್ಲಿಲ್ವಲ್ರೀ! ನಿಮ್ಮನ್ನ ಕಟ್ಕೊಂಡು ಏಗಿದ್ದಕ್ಕೆ ನಂಗೆಷ್ಟು ಅಂಕ?"

ಆಗಲೇ ಒಳಗೆ ಮಗು ಅತ್ತಿತು. ಸ್ವಲ್ಪ ಹೊತ್ತಿನಲ್ಲಿ ಹೊಕ್ಕುಳಬಳ್ಳಿ ಹಾಕಿ ಮುಚ್ಚಿದ ಬಕೆಟ್ಟೊಂದು ನಮ್ಮೆದುರೇ ಹೊರಗೆ ಹೋಯಿತು. ಅದು ತಿರುವು ದಾಟುವವರೆಗೂ ಮೂವರೂ ಅದನ್ನೇ ನೋಡುತ್ತ ನಿಂತೆವು.

ಮಗಳು ಕಣ್ತೆರೆದು ಕೇಳಿದ ಮೊದಲ ಪ್ರಶ್ನೆ: "ಅಪ್ಪಾ, ಕೊಟ್ರಾ?"

ನನಗೆ ಉತ್ತರ ಬರಲಿಲ್ಲ. ಸೊನ್ನೆ.

ಈಗ ಆ ನರ್ಸಮ್ಮ ಹೊಸ ನರ್ಸುಗಳಿಗೆ ತರಬೇತಿ ಕೊಡುತ್ತಾರೆ. ಮೊದಲ ದಿನವೇ ನನ್ನ ಅರ್ಜಿಯನ್ನು ಎತ್ತಿ ಹಿಡಿದು, "ತಾಯಿ ಕೈಯಿಂದ ನೇರ ನಿಮ್ಮ ಕೈಗೇ ತಗೊಳ್ಳಿ, ಮಧ್ಯೆ ಮೇಷ್ಟ್ರು ಬರಬಾರದು" ಎನ್ನುತ್ತಾರಂತೆ. ಮಗಳ ಹೆಸರು, ಉತ್ತರಗಳ ಮೇಲೆಲ್ಲ ಕಾಗದ ಅಂಟಿಸಿದ್ದಾರೆ. ಕೆಂಪು ಸಹಿಯನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.