ಬಟನ್ ಒತ್ತಾವಗ ಕನ್ಯಾ ಹೆಂಗ ಕೊಡೂದು?

ನನಗ ಒಂದು ಕಡೆ ಕುಂದ್ರಾಕ ಆಗೂದಿಲ್ಲ. ಕುಂತ್ರೂ ಕಾಲು ಸುಮ್ಮನಿರೂದಿಲ್ಲ, ಕಾಲು ಹಿಡ್ಕೊಂಡ್ರ ಬೆರಳು ತಾಳ ಹಾಕಾಕ ಹತ್ತತಾವು. ಹುನಗುಂದದಾಗ ನಂದೊಂದು ಸೌಂಡ್ ಸರ್ವೀಸ್ ಐತಿ, ಮುಂದ 'ಡಿಜೆ' ಅಂತ ಬೋರ್ಡ್ ಹಾಕೇನಿ. ಲ್ಯಾಪ್‌ಟಾಪಿನಾಗಿನ ಡಿಜೆ ಸಾಫ್ಟ್‌ವೇರಿಗೆ ಹೊಸಾ ಅಪ್‌ಡೇಟ್ ಬಂತಂದ್ರ ಮುಗೀತು, ಊಟದ ತಾಟು ಸರಿಸಿ ಮೊದಲು ಅದನ್ನ ಹಾಕ್ಕೋತೇನಿ. ಅದರಾಗ ಹೊಸಾದೇನು, ಹೆಂಗ ನಡಸೂದು ಅಂತ ಓದೂವಷ್ಟು ತಾಳ್ಮಿ ಎಲ್ಲಿಂದ ತರಲಿ? ಸೀದಾ ಕಾರ್ಯಕ್ರಮದಾಗ ಒತ್ತಿ ನೋಡೂದು. ಹಿಂಗಾಗಿ ಮಂದಿಗೆ ವರ್ಷಕ್ಕೊಮ್ಮೆ ಆಗೂ ಫಜೀತಿ ನನಗ ವಾರಕ್ಕೊಮ್ಮೆ ಆಗ್ತಾವು. ಎಲ್ಲಾ ಹೇಳ್ಕೋತ ಕುಂತ್ರ ಸಂಜಿ ಆಗ್ತೈತಿ. ನನಗ ಕನ್ಯಾ ನೋಡಿದ ವರ್ಷದ್ದಷ್ಟು ಹೇಳ್ತೇನಿ.

೧. ಹಿಂದಕ್ಕ ಹೋಗೂ ಬಟನ್

ಕನ್ಯಾ ಇಳಕಲ್ಲಿನ ನೇಕಾರರ ಮನೀದು. ನಾವೂ ನೇಕಾರರ, ಆದ್ರ ನಮ್ಮಪ್ಪನ ಕಾಲಕ್ಕ ಮಗ್ಗ ಮಾರಿ ಹುನಗುಂದಕ್ಕ ಬಂದಾವರು. ಹುಡುಗಿ ಸಾಲಿ ಟೀಚರ್. ಚಹಾ ತಂದು ಕೊಟ್ಟು ಒಳಗ ಹೋದ್ಲು ನೋಡ್ರಿ, ನನ್ನ ಎದಿ ಅವಳ ಹಿಂದ ಹೋತು. ಇಲ್ಲೇ ಲಗ್ನ ಆಗಬೇಕು ಅಂತ ಆ ಕಪ್ ಕೆಳಗಿಡೂದ್ರಾಗ ಗಟ್ಟಿ ಮಾಡಿದೆ.

ಅವರಪ್ಪ ಕಣ್ಣಿಗೆ ಚಸ್ಮಾ ಏರಿಸಿ ಶುರು ಮಾಡಿದ್ರು.

"ಏನ್ ಕೆಲಸ ಮಾಡ್ತಿ ತಮ್ಮಾ?"

"ಡಿಜೆ ರೀ. ಹಾಡು ಹಚ್ತೇನಿ."

"ಹಾಡಾವರು ಯಾರು?"

"ಬ್ಯಾರೇದವರು ರೀ."

"ಬಾರಸಾವರು?"

"ಅವರೂ ಬ್ಯಾರೇದವರು ರೀ."

"ಮತ್ತ ನೀ ಏನ್ ಮಾಡ್ತಿ?"

"ಒಂದು ಹಾಡು ಮುಗಿಯೂದ್ರಾಗ ಇನ್ನೊಂದನ್ನ ಜೋಡಸ್ತೇನ್ರಿ. ಕೇಳಾವರಿಗೆ ಗೊತ್ತಾಗದಂಗ."

ಜೋಡಸೂದು ಅಂದ ಕೂಡಲೇ ಅವರ ಮುಖ ಅರಳಿತು. ಇಳಕಲ್ ಸೀರಿಗೆ ಮೈ ಬ್ಯಾರೆ, ಸೆರಗು ಬ್ಯಾರೆ. ಎರಡರ ಎಳಿಗಳನ್ನ ಒಂದೊಂದಾಗಿ ಕೊಂಡಿ ಹಾಕಿ ಜೋಡಸಬೇಕು. ಆ ಕೆಲಸದಾಗ ಅವರನ್ನ ಸರಿಗಟ್ಟಾವರು ಓಣಿಯಾಗ ಯಾರಿಲ್ಲ.

"ಒಂದು ಜೋಡಸಾಕ ಎಷ್ಟೊತ್ತು ಹಿಡೀತೈತಿ?"

"ಅದಕ್ಕೊಂದು ಬಟನ್ ಐತ್ರಿ. ಒತ್ತಿದ್ರ ತಾನ ಜೋಡಸ್ಕೋತೈತಿ."

ಅರಳಿದ ಮುಖ ಹಂಗ ಮುಚ್ಚಿತು. ನನ್ನ ಮುಂದ ಹೆಂಡತಿ ಕಡೆ ತಿರುಗಿ, "ಬಟನ್ ಒತ್ತಾವಗ ಕನ್ಯಾ ಹೆಂಗ ಕೊಡೂದು?" ಅಂದ್ರು.

ಆದ್ರೂ ಬಂದ ಮ್ಯಾಲ ಹುಡುಗ ಹುಡುಗಿ ಎರಡು ಮಾತು ಆಡ್ಲಿ ಅಂತ ನಮ್ಮಿಬ್ಬರನ್ನ ಪಡಸಾಲ್ಯಾಗ ಬಿಟ್ರು. ಅಕಿ ನನ್ನ ಕಾಲಿನ ಕಡೆ ನೋಡ್ಕೋತ ಕೇಳಿದ್ಲು: "ನಿಮ್ಮ ಯಂತ್ರದಾಗ ಹಿಂದಕ್ಕ ಹೋಗೂ ಬಟನ್ ಐತೇನ್ರಿ?"

"ಐತಿ," ಅಂದೆ ಖುಷಿಲೆ.

"ಹಂಗಾರ ಹೊರಗ ಹೋಗಿ ಇನ್ನೊಮ್ಮೆ ಒಳಗ ಬರ್ರಿ. ಈ ಸಲ ಕಾಲು ಅಲ್ಲಾಡಸಬ್ಯಾಡ್ರಿ. ನಮ್ಮ ಅಜ್ಜಿಗೆ ಅಳಿಯಾ ಚಳಿಜ್ವರದಾವ ಅಂತ ಸಂಶೇ ಬಂದೇತಿ."

೨. ಸೋಬಾನದಾಗ ಬೀಗ್ತಿ

ಹುಡುಗಿಗೆ ನಾ ಒಪ್ಪಿಗಿ ಆಗಿದ್ದೆ. ಅವರಪ್ಪ ಮಾತ್ರ "ಅವನ ಕೆಲಸ ಒಮ್ಮೆ ಕಣ್ಣಾರೆ ನೋಡ್ತೇನಿ" ಅಂತ ಪಟ್ಟು ಹಿಡಿದ್ರು. ಬಾಗಲಕೋಟಿ ನವನಗರದಾಗ ಅವರ ಸಂಬಂಧಿಕರ ಮಗಳ ಕುಬಸದ, ಅಂದ್ರ ಸೀಮಂತದ ಕಾರ್ಯ ಇತ್ತು. ಸೌಂಡ್ ನಂದ. ಅವರು ಮುಂದಿನ ಸಾಲಿನಾಗ ಕೈ ಕಟ್ಟಿ ಕುಂತ್ರು, ನನಗ ಎಸ್ಸೆಸ್ಸೆಲ್ಸಿ ಪರೀಕ್ಷಾನ ನೆನಪಾತು.

ಆಗಷ್ಟ ಹೊಸಾ ಅಪ್‌ಡೇಟ್ ಬಂದಿತ್ತು. ಮೈಕಿನಾಗ ಬರೂ ಗದ್ದಲಾ, ಬಾಜಾ ಎಲ್ಲಾ ಸೋಸಿ ಒಂದ ಒಂದು ಧ್ವನಿ ಉಳಿಸಿಕೋತೈತಿ. ಹೆಣ್ಮಕ್ಕಳು ಸೋಬಾನದ ಪದಾ ಹಾಡಾಕತ್ತಿದ್ರು. ಒಂದು ಸಾಲು ಹಿಡಿದು ಲೂಪ್ ಮಾಡೂಣು, ಅಂದ್ರ ಆ ಸಾಲು ತಿರುತಿರುಗಿ ಬರೂವಂಗ ಮಾಡಿ ಕೆಳಗ ತಬಲಾ ಹಚ್ಚೂಣು, ಮಾವಾರು ಆಗಬೇಕಾದವರು ಬಾಯಿ ಮ್ಯಾಲ ಬೆರಳಿಡ್ತಾರ ಅಂತ ಒತ್ತಿದೆ.

ಮೈಕಿನ ಬಾಜೂಕ ಬಸುರಿ ಹೆಣ್ಣಿನ ಸೋದರತ್ತಿ ಕುಂತಿದ್ರು. ಆ ಹಾಳಾದ ಯಂತ್ರ ಸೋಬಾನ ಬಿಟ್ಟು, ಢೋಲಕ್ ಬಿಟ್ಟು, ಆ ಸೋದರತ್ತಿ ಮಗ್ಗಲದಕಿ ಕಿವಿಯಾಗ ಉಸುರಿದ್ದನ್ನ ಸೋಸಿ ತಗೀತು. ಇಡೀ ಹಾಲಿನಾಗ ತಬಲಾದ ಜೋಡಿ ಗುಂಯ್ ಅಂತ ಬಂತು: "ಬೀಗ್ತಿ ಸೀರಿ ನೋಡವಾ, ಹ್ವಾದ ವರ್ಷಾನೂ ಇದ!" ಮತ್ತ "ಬೀಗ್ತಿ ಸೀರಿ ನೋಡವಾ..." ನಾ ಬಂದ್ ಮಾಡೂ ಬಟನ್ ಹುಡಕೂದ್ರಾಗ ಆರು ಸಲ ಆತು. ಹಿಂದ ಕುಂತ ಕೂಸುಗಳು ಚಪ್ಪಾಳಿ ಹೊಡ್ಕೋತ ತಾವೂ ಹೇಳಾಕ ಹತ್ತಿದ್ವು.

ಬೀಗ್ತಿ ಸೆರಗು ಸಿಗಿಸಿ ಎದ್ದು ನಿಂತ್ರು. "ಹ್ವಾದ ವರ್ಷದ್ದಲ್ಲವಾ, ಮೂರು ವರ್ಷದ್ದು! ಇಳಕಲ್ಲಾಗ ಹೇಳಿ ನೇಯಿಸಿದ್ದು! ಬಣ್ಣ ಹೋಗೇತೇನು ಬಂದು ಮುಟ್ಟಿ ನೋಡ್ರಿ!"

ಮಾವಾರು ಎದ್ದು ಸೀದಾ ನನ್ನ ಕಡೆ ಬಂದ್ರು. ಇವತ್ತ ಕಪಾಳಕ್ಕ ಬಿತ್ತು ಅಂತ ಕಣ್ಣು ಮುಚ್ಚಿದೆ. ಅವರು ನನ್ನ ಕಿವಿ ಹತ್ರ ಬಗ್ಗಿದ್ರು. "ಆ ಸೀರಿ ನಾ ನೇಯ್ದಿದ್ದು. ಬೀಗ್ತಿ ಹೇಳಿದ್ದೂ ಇದರಾಗ ಸಿಕ್ಕೇತೇನು? ಸಿಕ್ಕಿದ್ರ ಇನ್ನೊಮ್ಮೆ ಹಚ್ಚು."

೩. ಖಾಲಿ ಲಾಳಿ

ಆ ಮ್ಯಾಲ ಮಾವಾರು 'ನೋಡೂಣು' ಅನ್ನೂ ತನಕ ಬಂದ್ರು. ಅತ್ತಿ ಆಗಬೇಕಾದವರಂತೂ ಪೂರಾ ನನ್ನ ಕಡೆ. ಊಟಕ್ಕ ಬಾರಪಾ ಅಂತ ಕರದ್ರು, ಹೋಳಿಗಿ ಮಾಡಿದ್ರು.

ಒಂದು ವಾರದ ಹಿಂದ, ಸೋಮವಾರ, ಮಾವಾರು ಊರಾಗ ಇಲ್ಲದಾಗ ನಾ ಅವರ ಮನಿಗೆ ಹೋಗಿದ್ದೆ. ಆಗ ಕೇಳಿದ ಮಗ್ಗದ ಸಪ್ಪಳ ಚಂದ ಅನಿಸಿ ಮೊಬೈಲಿನಾಗ ಹಿಡ್ಕೊಂಡಿದ್ದೆ. ಯಾವ ಸಪ್ಪಳ ಕೊಟ್ರೂ ಅದರ ತಾಳ ತಾನ ಹುಡುಕಿ ಲೂಪ್ ಮಾಡೂದು ಸಾಫ್ಟ್‌ವೇರಿನಾಗ ಹೊಸಾದು ಬಂದಿತ್ತು. ಊಟಕ್ಕ ಬಡಸೂತನಕ ಸುಮ್ಮನ ಕುಂದ್ರೂದು ಹೆಂಗ ಅಂತ ಕಟ್ಟಿ ಮ್ಯಾಲ ಲ್ಯಾಪ್‌ಟಾಪ್ ತೆಗೆದು ಹಚ್ಚಿದೆ. ಢಕ್ ಢಕ್, ಢಕ್ ಢಕ್.

ಒಳಗಿದ್ದ ಮಾವಾರು ಓಡಿ ಬಂದ್ರು. "ಯಾರದು ಮಗ್ಗದ ಮ್ಯಾಲ? ಲಾಳ್ಯಾಗ ನೂಲು ತೀರೇತಿ! ಖಾಲಿ ಲಾಳಿ ಓಡಾಕತ್ತೇತಿ, ನಿಲ್ಲಸ್ರಿ!" ಮಗ್ಗದ ಕೋಣಿಗೆ ಹೋದ್ರು. ಅಲ್ಲಿ ಯಾರೂ ಇಲ್ಲ, ಸಪ್ಪಳ ಮಾತ್ರ ನಡದೇತಿ. ಮಗ್ಗದ ಮ್ಯಾಲ ಕೈಯಿಟ್ಟು ನೋಡಿದ್ರು. ಹೊರಗ ಬಂದ್ರು, ಮತ್ತ ಒಳಗ ಹೋದ್ರು. ಮುಖ ಬಿಳಚಿಕೊಂಡಿತ್ತು. ನಾ ಗಾಬರಿಯಾಗಿ, ಇದು ಲ್ಯಾಪ್‌ಟಾಪಿನಾಗಿಂದ್ರಿ ಅಂತ ತೋರಿಸಿದೆ.

ಕಣ್ಣು ಮುಚ್ಚಿ ಕೇಳಿದ್ರು. ಅಬ್ಬಾ, ಏನು ಕಿವಿ ಅಂತೇನಿ! ನಾ ಹತ್ತು ವರ್ಷ ಹೆಡ್‌ಫೋನ್ ಹಾಕ್ಕೊಂಡು ಕುಂತ್ರೂ ನೂಲಿದ್ದ ಲಾಳಿಗೂ ಖಾಲಿ ಲಾಳಿಗೂ ಇರೂ ಫರಕ್ ನನಗ ತಿಳಿದಿರಲಿಲ್ಲ.

"ಯಾವತ್ತಿಂದು ಇದು?"

"ಸೋಮವಾರದ್ದು ರೀ."

"ಸೋಮವಾರ ನಾ ಊರಾಗ ಇರಲಿಲ್ಲ. ಅದಕ್ಕ ಆ ಸೀರ್ಯಾಗ ಗೆರಿ ಬಿದ್ದೇತಿ! ನಾ ಹೋಗಿ ನೂಲು ಕೊಟ್ಟಾವಗ ಬಾಯಿಗೆ ಬಂದಂಗ ಬೈದು ಬಂದೇನಿ!" ಅಂದು ಹೆಂಡತಿ ಕಡೆ ತಿರುಗಿದ್ರು. "ಏನ? ಫೋನಿನಾಗ ಮಾತಾಡ್ಕೋತ ನೇಯ್ದಿಯಲ್ಲಾ?"

ಅತ್ತಿಯವರು ನನ್ನ ತಾಟಿಗೆ ಹಾಕಾಕಂತ ಕೈಯಾಗ ಹಿಡ್ಕೊಂಡಿದ್ದ ಹೋಳಿಗಿ ಹಂಗ ವಾಪಸ್ ಒಳಗ ಒಯ್ದ್ರು.

೪. ಮಾಸ್ತರ್ ಕೈ ಬೀಸಿದ್ದು

ಈಗ ಮಾವಾರು ಅರ್ಧ ನನ್ನ ಕಡೆ, ಅತ್ತಿಯವರು ಪೂರಾ ಆ ಕಡೆ. ಹುಡುಗಿ ಫೋನ್ ಮಾಡಿ, "ಇನ್ನೊಂದು ಸಲ ಏನರ ಮಾಡ್ಕೊಂಡ್ರಿ ಅಂದ್ರ ನಂಗ ಬ್ಯಾರೆ ಕಡೆ ನೋಡ್ತಾರ. ಒಂದೀಟು ಸಮಾಧಾನ ಇಟ್ಕೋರಿ" ಅಂದ್ಲು. ಅವಳ ಧ್ವನಿ ನಡಗಾಕತ್ತಿತ್ತು. ಆಣಿ ಮಾಡಿ ಹೇಳಿದೆ, ಇನ್ನ ಹೊಸಾದೇನೂ ಒತ್ತೂದಿಲ್ಲ ಅಂತ.

ನಾಕು ದಿನದಾಗ ಬದಾಮ್ಯಾಗ ನನ್ನ ಹಳೇ ಹೆಡ್‌ಮಾಸ್ತರರ ನಿವೃತ್ತಿ. ಟ್ರ್ಯಾಕ್ಟರ್ ಟ್ರಾಲಿ ಮ್ಯಾಲ ಕುರ್ಚಿ ಇಟ್ಟು, ಅದಕ್ಕ ಹೂವಿನ ಮಂಟಪ ಕಟ್ಟಿ, ಮಾಸ್ತರರನ್ನ ಗದ್ದದ ತನಕ ಮಾಲಿ ಹಾಕಿ ಕುಂದ್ರಿಸಿದ್ರು. ಸಾಲಿಯಿಂದ ಬಸ್ ಸ್ಟ್ಯಾಂಡ್ ತನಕ ಮೆರವಣಿಗಿ. ಮುಂದಿನ ಗಾಡ್ಯಾಗ ನನ್ನ ಸೌಂಡ್. ಟ್ರ್ಯಾಕ್ಟರ್ ಆಮಿಯಂಗ ಹೊಂಟಿತ್ತು, ನನಗ ಕುಂತು ಕುಂತು ಮೈ ಪರಚಿಕೊಳ್ಳೂವಂಗ ಆತು. ಮಂದಿ ನಡಿಯೂ ವೇಗ ನೋಡಿ ಮುಂದಿನ ಹಾಡು ತಾನ ಆರಿಸೂ ಹೊಸಾ ಬಟನ್ ಒಂದಿತ್ತು. ಒತ್ತಿ, ನೀರು ಕುಡಿಯಾಕ ಇಳದೆ.

ನಮ್ಮ ಕಡೆ ಲಿಂಗೈಕ್ಯ ಆದವರನ್ನ ಹಿಂಗ ಹೂವಿನ ವಿಮಾನದಾಗ ಕುಂದ್ರಿಸಿ, ನಿಧಾನಕ ಭಜನಿ ಹೇಳ್ಕೋತ ಒಯ್ತಾರ. ಯಂತ್ರಕ್ಕ ಇದೆಲ್ಲಾ ಏನು ಗೊತ್ತು? ವೇಗ ಅಳೀತು, ಸರಿಹೊಂದೂದನ್ನ ಹುಡುಕಿತು, ಅದ ಭಜನಿ ಹಚ್ಚಿತು.

ನಾ ನೀರಿನ ಗ್ಲಾಸ್ ಬಾಯಿಗೆ ಹಚ್ಚಿ ನೋಡ್ತೇನಿ, ಪಾನ್ ಅಂಗಡಿಯಾವ ಶಟರ್ ಅರ್ಧ ಇಳಿಸಿದ. ಬೈಕಿನಾವ ನಿಂತು ಚಪ್ಪಲಿ ಬಿಟ್ಟ. ಪಟ್ಟದಕಲ್ಲಿನಿಂದ ಬಂದ ಬಸ್ಸು ನಿಂತು ಡ್ರೈವರ್ ಕೈ ಮುಗಿದ. ಒಬ್ಬಾಕಿ ಮುದುಕಿ ಕಣ್ಣಿಗೆ ಸೆರಗು ಹಚ್ಚಿ, "ಭಾಳ ಛಲೋ ಮನಿಷ್ಯಾ ಇದ್ದನವಾ, ನನ್ನ ಮೊಮ್ಮಗಗ ಹೊಡದು ಹೊಡದು ಕಲಿಸಿದ್ದ" ಅಂತ ಅಳಾಕ ಹತ್ತಿದ್ಲು. ಮಾಸ್ತರ್ ಪಾಪ ಮರ್ಯಾದಿಸ್ತ. ಅಕಿಗೆ ನಕ್ಕೋತ ಕೈ ಬೀಸಿದ್ರು. ಮುದುಕಿ "ಯವ್ವಾ!" ಅಂತ ಚೀರಿ ಅಲ್ಲೇ ಕುಂತ್ಲು.

ನಾ ಎದ್ನೋ ಬಿದ್ನೋ ಅಂತ ಓಡಿ ಬಂದು ಬಂದ್ ಮಾಡಾಕ ಕೈ ಹಾಕಿದೆ. ಮ್ಯಾಲಿಂದ ಮಾಸ್ತರ್ ಬಗ್ಗಿ, "ಲೇ, ಬಂದ್ ಮಾಡಬ್ಯಾಡ! ಬಸ್ ಸ್ಟ್ಯಾಂಡ್ ತನಕ ಇದ ಇರ್ಲಿ. ಯಾರ್ಯಾರು ಅಳ್ತಾರ ನೋಡೂಣು" ಅಂದ್ರು.

ಮಾಡಿದ ಆಣಿ ಮಣ್ಣಾತು, ಸಂಬಂಧಾನೂ ಹೋತು ಅಂತ ಮನ್ಯಾಗ ತಲಿ ಹಿಡ್ಕೊಂಡು ಕುಂತಿದ್ದೆ. ಇಳಕಲ್ಲಿನಿಂದ ಫೋನ್. ಅತ್ತಿಯವರದು. ಧ್ವನಿಯೊಳಗ ಭಯ ಭಕ್ತಿ ಎರಡೂ ಇದ್ವು. "ತಮ್ಮಾ, ಬದಾಮ್ಯಾಗ ಸತ್ತ ಮಾಸ್ತರೊಬ್ಬರು ನಿನ್ನ ಹಾಡು ಕೇಳಿ ಎದ್ದು ಕೈ ಬೀಸಿದ್ರಂತ. ಖರೆ ಏನಪಾ?"

ಇಲ್ಲ ಅನ್ನಾಕ ನನಗೇನು ಹುಚ್ಚು ಹಿಡದಿತ್ತೇನ್ರಿ?

೫. ಅಕ್ಕಿಕಾಳು

ಲಗ್ನ ಗಟ್ಟಿ ಆತು. ಮಾವಾರದು ಒಂದ ಕರಾರು: "ಮದುವಿ ದಿನ ಆ ಯಂತ್ರ ಮುಟ್ಟಬಾರದು. ಅಕ್ಕಿಕಾಳು ಬೀಳೂ ಮುಂದ ಮನಿಷ್ಯಾರು ವಾಜಂತ್ರಿ ಬಾರಸಬೇಕು. ನೀ ಎದ್ದು ಒತ್ತಿದಿ ಅಂದ್ರ ಮಗಳನ್ನ ಕರ್ಕೊಂಡು ಮನಿಗೆ ಹೋಗ್ತೇನಿ." ಹೂಂ ಅಂದೆ.

ಇಳಕಲ್ಲಾಗ ಮದುವಿ. ಸೌಂಡ್ ನಂದ ಇತ್ತು, ಮೂಲ್ಯಾಗ ಲ್ಯಾಪ್‌ಟಾಪ್ ತಾನ ಸಣ್ಣಗೆ ಸನಾದಿ ನುಡಿಸಾಕತ್ತಿತ್ತು. ನಾ ಬಾಸಿಂಗ ಕಟ್ಕೊಂಡು ಜಗಲಿ ಮ್ಯಾಲ, ಎರಡೂ ಕೈ ತೊಡಿ ಕೆಳಗ ಇಟ್ಕೊಂಡು ಕುಂತಿದ್ದೆ. ಬಾಜೂಕ ಅಕಿ. ಮಂದಿ ಮುಷ್ಟಿಯಾಗ ಅಕ್ಕಿಕಾಳು. ವಾಜಂತ್ರಿಯವರು ಮಾತ್ರ ಇಲ್ಲ. ಅವರ ಗಾಡಿ ಅಮೀನಗಡದ ಹತ್ರ ಪಂಕ್ಚರ್ ಆಗಿತ್ತು.

ಮದುವಿ ಮಾಡಸೂ ಅಯ್ಯನವರು ಗಡಿಯಾರ ನೋಡಿದ್ರು. "ಇನ್ನ ಐದು ನಿಮಿಷ ಐತ್ರಿ. ಹೊತ್ತು ಮೀರತೈತಿ." ವಾಜಂತ್ರಿ ಇಲ್ಲದ ಅಕ್ಕಿಕಾಳು ಹಾಕೂದು ಹೆಂಗ? ಅದು ಅಪಶಕುನ ಅಂತ ಅಜ್ಜಿ ಅಳಾಕ ಶುರು ಮಾಡಿದ್ಲು. ಮಾವಾರು ನನ್ನ ಕಡೆ ನೋಡಿದ್ರು. ನಾ ನೆಲಾ ನೋಡಿದೆ. ಮಾತು ಕೊಟ್ಟಾವ ನಾ, ಜೀವ ಹೋದ್ರೂ ಏಳಾವಲ್ಲ. ಕಡಿಗೆ ಅವರ ಅಂದ್ರು, "ಏಳಪಾ."

ಬಾಸಿಂಗ ಹಿಡ್ಕೊಂಡು ಒಂದ ಜಿಗತಕ್ಕ ಮೂಲಿಗೆ ಹೋಗಿ ವಾಜಂತ್ರಿ ಲೂಪಿನ ಬಟನ್ ಒತ್ತಿದೆ. ಢಂ! ಅಂತು, ನಿಂತ ಬಿಡ್ತು. ಮಂದಿ ಅರ್ಧ ಅಕ್ಕಿ ಒಗದ್ರು, ಒಬ್ಬಾಕಿನ ಕುಂತಿದ್ದ ಹುಡುಗಿ ಮ್ಯಾಲ. ಹಿಂದಿನ ರಾತ್ರಿ ನಾನ ಅಪ್‌ಡೇಟ್ ಹಾಕಿದ್ದೆ, ಓದದ. ಈಗ ಬಟನ್ ಒತ್ತಿ ಹಿಡಿದಷ್ಟೊತ್ತು ಅಷ್ಟ ಬಾರಸ್ತೈತಿ, ಬೆರಳು ತಗದ್ರ ಬಂದ್. ಅದನ್ನ ಬದಲಿ ಮಾಡೂದು ಎಲ್ಲೈತಿ ಅಂತ ಹುಡುಕೂವಷ್ಟು ಹೊತ್ತಿಲ್ಲ. ಒತ್ತಿ ಹಿಡ್ಕೊಂಡು ನಿಂತೆ. ಢಂ ಢಂ ಢಂ ಅಂತ ಶುರು ಆತು. ವಾಜಂತ್ರಿ ಇಲ್ಲಿ, ಮದುಮಗ ಇಲ್ಲಿ, ಮದುಮಗಳು ಅಲ್ಲಿ.

"ತಾಳಿ ಕಟ್ಟಬೇಕ್ರಿ!" ಅಂತ ಅಯ್ಯನವರು ಒದರಿದ್ರು.

ಅಕಿ ಎದ್ಲು. ಸೆರಗು ಸರಿಮಾಡ್ಕೊಂಡು ಸೀದಾ ಮಂದಿ ನಡುವ ನಡಕೊಂಡು ನನ್ನ ಮುಂದ ಬಂದು ನಿಂತ್ಲು. "ಇಲ್ಲೇ ಕಟ್ರಿ. ನೀವು ಕುಂತಲ್ಲಿ ಕುಂದ್ರೂ ಪೈಕಿ ಅಲ್ಲ ಅಂತ ನನಗ ಮೊದಲ ಗೊತ್ತಿತ್ತು."

ತಾಳಿ ಕೈಗೆ ಬಂತು. ಒಂದು ಕೈಲೆ ಗಂಟು ಹಾಕೂದು ಹೆಂಗ್ರಿ? "ಯಾರರ ಬಂದು ಒತ್ರಿ!" ಅಂದೆ. ಎಲ್ಲಾರೂ ಒಂದೊಂದು ಹೆಜ್ಜಿ ಹಿಂದ ಸರಿದ್ರು. ಏನರ ಸುಟ್ಟೀತು, ಒಡದೀತು, ನಮಗ್ಯಾಕ ಅಂತ. ಆಗ ಮಾವಾರು ಬಂದ್ರು. ಧೋತರಕ್ಕ ಕೈ ಒರಸ್ಕೊಂಡ್ರು. ನನ್ನ ಬೆರಳಿನ ಬಾಜೂಕ ತಮ್ಮ ಬೆರಳಿಟ್ಟು, "ಬಿಡು" ಅಂದ್ರು. ವಾಜಂತ್ರಿ ಒಂದು ಪೆಟ್ಟೂ ತಪ್ಪಲಿಲ್ಲ.

ನಾ ಮೂರು ಗಂಟು ಹಾಕಿದೆ. ಅಕ್ಕಿಕಾಳು ನನ್ನ ಮ್ಯಾಲ, ಅಕಿ ಮ್ಯಾಲ, ಮಾವಾರ ಮ್ಯಾಲ, ಲ್ಯಾಪ್‌ಟಾಪಿನ ಮ್ಯಾಲ ಬಿದ್ವು. ಮಾವಾರ ಕಣ್ಣಾಗ ನೀರು ಬಂದಿತ್ತು, ಒರಸ್ಕೊಳ್ಳಾಕ ಕೈ ತಗೀಲಿಲ್ಲ. ಮಂದಿ ಊಟದ ಕಡೆ ಹೊಂಟ್ರೂ ಅವರು ಬೆರಳು ಎತ್ತವಲ್ಲರು.

"ಆತು ಮಾವಾರ, ಬಿಡ್ರಿ," ಅಂದೆ.

"ಸುಮ್ಮನಿರು, ಇನ್ನೂ ಕುಬಸದ ಬೀಗ್ತಿ ಅಕ್ಕಿ ಹಾಕಿಲ್ಲ."

ಅಷ್ಟ್ರಾಗ ಬಾಗಲಕೋಟಿ ಕಡೆಯ ಹಿರಿಯಾರೊಬ್ಬರು ಕೈ ಮುಗಕೋತ ಅವರ ಹತ್ರ ಬಂದ್ರು. "ಭಾಳ ಛಲೋ ಬಾರಸಿದ್ರಿ ನೋಡ್ರಿ. ಮುಂದಿನ ವಾರ ನಮ್ಮ ಮಗಳ ಮದುವಿ ಐತಿ, ನೀವ ಬರ್ತೀರೇನು?"

ಮಾವಾರು ಬೆರಳು ಎತ್ತದ, ಮುಖಾ ಗಂಭೀರ ಮಾಡಿ ನನ್ನ ಕಡೆ ಗೋಣು ತಿರುವಿದ್ರು.

"ಅಳಿಯಾರನ್ನ ಕೇಳ್ರಿ. ನಾ ಇವತ್ತಷ್ಟ ಕೆಲಸಕ್ಕ ಸೇರೇನಿ."